ಬೆಂಬಲ ಎಲ್ಲರದ್ದೂ ಇದೆ, ಸೀಟು ಮಾತ್ರ ಇಲ್ಲ

ಪ್ರಶ್ನೆ: ಮಗಳು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ರಾತ್ರಿ ಊಟಕ್ಕೆ ಕೂತರೆ ಮನೆಯಲ್ಲಿ ಇದೇ ಚರ್ಚೆ. ಅಮೆರಿಕ, ರಷ್ಯಾ, ಫ್ರಾನ್ಸ್, ಬ್ರಿಟನ್ ಎಲ್ಲರೂ ಭದ್ರತಾ ಮಂಡಳಿಯಲ್ಲಿ ಭಾರತಕ್ಕೆ ಕಾಯಂ ಸ್ಥಾನ ಸಿಗಬೇಕು ಅನ್ನುತ್ತಾರೆ. ಹಾಗಿದ್ದರೆ ಯಾಕೆ ಸಿಗುತ್ತಿಲ್ಲ? ಚೀನಾ ಒಂದೇ ಅಡ್ಡಿಯೇ? ಈ ಸೀಟು ಮೊದಲೇ ನಮಗೆ ಬಂದಿತ್ತು, ನೆಹರೂ ಅದನ್ನು ಚೀನಾಕ್ಕೆ ಬಿಟ್ಟುಕೊಟ್ಟರು ಅಂತ ವಾಟ್ಸ್ಆ್ಯಪ್‌ನಲ್ಲಿ ಬರುತ್ತಲ್ಲ, ಅದು ನಿಜವೇ? ಇಷ್ಟು ಕಾದರೂ ಕೊಡದಿದ್ದರೆ ವಿಶ್ವಸಂಸ್ಥೆಯನ್ನೇ ಬಿಟ್ಟು ಬರಬಾರದೇ?

ಉತ್ತರ: ನಿಮ್ಮ ಪಂಕ್ತಿಯಲ್ಲಿ ನನಗೂ ಒಂದು ಎಲೆ ಹಾಕಿ. ಅಂತರರಾಷ್ಟ್ರೀಯ ಕಾನೂನು ಪಾಠ ಮಾಡಿಕೊಂಡೇ ನನ್ನ ನೌಕರಿ ಮುಗಿದಿದೆ. ಪ್ರತಿ ವರ್ಷ ಕ್ಲಾಸಿನಲ್ಲಿ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳೇ ಕೇಳುತ್ತಿದ್ದರು. ನಾನು ಉತ್ತರ ಹೇಳುತ್ತಿರಲಿಲ್ಲ. ವಿಶ್ವಸಂಸ್ಥೆಯ ಸನ್ನದನ್ನು, ಅಂದರೆ ಅದರ ಮೂಲ ನಿಯಮಪುಸ್ತಕವನ್ನು, ಅವರ ಕೈಗೆ ಕೊಟ್ಟು, 23ನೇ ವಿಧಿಯನ್ನು ಗಟ್ಟಿಯಾಗಿ ಓದಪ್ಪ ಅನ್ನುತ್ತಿದ್ದೆ.

ಓದುತ್ತಾ ಹೋದ ಹುಡುಗ ನಡುವೆ ತಡವರಿಸುತ್ತಿದ್ದ. ಕಾಯಂ ಸದಸ್ಯರ ಪಟ್ಟಿ ಅಲ್ಲಿ ಹೀಗಿದೆ: ರಿಪಬ್ಲಿಕ್ ಆಫ್ ಚೀನಾ, ಫ್ರಾನ್ಸ್, ಸೋವಿಯತ್ ಒಕ್ಕೂಟ, ಬ್ರಿಟನ್, ಅಮೆರಿಕ. "ಸಾರ್, ಇದು ಹಳೇ ಪುಸ್ತಕ" ಅನ್ನುತ್ತಿದ್ದ. ಹಳೇದಲ್ಲ. ಇವತ್ತಿಗೂ ಜಾರಿಯಲ್ಲಿರುವುದು ಇದೇ ಪಟ್ಟಿ. ರಿಪಬ್ಲಿಕ್ ಆಫ್ ಚೀನಾ ಅಂದರೆ ಈಗ ತೈವಾನ್‌ನಲ್ಲಿರುವ ಸರ್ಕಾರ. ಅದನ್ನು 1971ರ ಅಕ್ಟೋಬರ್ 25ರಂದು ಎಲ್ಲ ಸದಸ್ಯ ದೇಶಗಳೂ ಕೂರುವ ಸಾಮಾನ್ಯ ಸಭೆಯೇ ಎಬ್ಬಿಸಿ ಕಳಿಸಿತು, ಆ ಜಾಗದಲ್ಲಿ ಬೀಜಿಂಗ್ ಬಂದು ಕೂತಿತು. ಸೋವಿಯತ್ ಒಕ್ಕೂಟ 1991ರ ಡಿಸೆಂಬರ್‌ನಲ್ಲಿ ಇಲ್ಲವಾಯಿತು. ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಒಂದು ಕಾಗದ ಬರೆದರು, ಆ ಕುರ್ಚಿಯಲ್ಲಿ ರಷ್ಯಾ ಕೂತಿತು. ಪುಸ್ತಕದಲ್ಲಿ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ. 53 ಮತ್ತು 107ನೇ ವಿಧಿಗಳಲ್ಲಿ ಎರಡನೇ ಮಹಾಯುದ್ಧದ ಕಾಲದ 'ಶತ್ರು ದೇಶ' ಅನ್ನೋ ಮಾತು ಕೂಡ ಹಾಗೇ ಇದೆ. ಅಂದರೆ ಜಪಾನ್, ಜರ್ಮನಿ, ಇಟಲಿ. ಅದನ್ನು ತೆಗೆದುಹಾಕೋಣ ಅಂತ 2005ರಲ್ಲಿ ಎಲ್ಲ ನಾಯಕರೂ ಒಪ್ಪಿದರು. ಇನ್ನೂ ತೆಗೆದಿಲ್ಲ.

ಯಾರಿಗೂ ಬೇಡವಾದ ಒಂದು ಪದವನ್ನೇ ಅಳಿಸೋಕೆ ಆಗದ ಪುಸ್ತಕದಲ್ಲಿ ಹೊಸ ಹೆಸರು ಬರೆಯೋದು ಎಷ್ಟು ಕಷ್ಟ, ಯೋಚನೆ ಮಾಡಿ.

ಕಷ್ಟದ ಮೂಲ 108ನೇ ವಿಧಿ. ತಿದ್ದುಪಡಿಗೆ ಅದು ಎರಡು ಬಾಗಿಲು ಇಟ್ಟಿದೆ. ಮೊದಲನೆಯದು ಸಾಮಾನ್ಯ ಸಭೆಯ ಮೂರನೇ ಎರಡು ಭಾಗದ ಮತ. ಈಗ 193 ಸದಸ್ಯರಿದ್ದಾರೆ, ಹಾಗಾಗಿ 129 ವೋಟು ಬೇಕು. ವೀಟೊ, ಅಂದರೆ ಐವರು ಕಾಯಂ ಸದಸ್ಯರಲ್ಲಿ ಒಬ್ಬರೇ ಬೇಡ ಅಂದರೂ ನಿರ್ಣಯ ಬೀಳಿಸುವ ಅಧಿಕಾರ, ಇಲ್ಲಿ ನಡೆಯೋದಿಲ್ಲ. ಅಮೆರಿಕಕ್ಕೂ ಒಂದೇ ವೋಟು, ಮಾಲ್ಡೀವ್ಸ್‌ಗೂ ಒಂದೇ ವೋಟು. ಎರಡನೇ ಬಾಗಿಲು ಆಯಾ ದೇಶದ ಒಳಗಿದೆ. 129 ದೇಶಗಳು ತಮ್ಮ ತಮ್ಮ ಕಾನೂನಿನ ಪ್ರಕಾರ ತಿದ್ದುಪಡಿಯನ್ನು ಅಂಗೀಕರಿಸಬೇಕು, ಅವುಗಳಲ್ಲಿ ಐದು ಕಾಯಂ ಸದಸ್ಯರೂ ಇರಲೇಬೇಕು. ಇವರ ಕೈ ಮೇಲಾಗುವುದು ಇಲ್ಲಿ. 2010ರ ನವೆಂಬರ್‌ನಲ್ಲಿ ಒಬಾಮ ನಮ್ಮ ಸಂಸತ್ತಿನಲ್ಲಿ ನಿಂತು ಭಾರತಕ್ಕೆ ಬೆಂಬಲ ಅಂದಾಗ ಚಪ್ಪಾಳೆ ಜೋರಾಗೇ ಬಿತ್ತು. ಆದರೆ ಆ ಎರಡನೇ ಬಾಗಿಲಿನ ಅಮೆರಿಕದ ಕೀಲಿಕೈ ಅಧ್ಯಕ್ಷರ ಜೇಬಿನಲ್ಲಿಲ್ಲ. ಅದು ಅಲ್ಲಿನ ಸೆನೆಟ್‌ನಲ್ಲಿದೆ. ಅಲ್ಲೂ ಮೂರನೇ ಎರಡು ಭಾಗ ಬೇಕು.

ಹಾಗಾದರೆ ಇದು ಆಗದ ಕೆಲಸವೇ? ಅಲ್ಲ. ಒಂದು ಸಲ ಆಗಿದೆ. ಅದು ಹೇಗೆ ಆಯಿತು ಅನ್ನೋದನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನಿಮ್ಮ ಮಗಳಿಗೆ ಸ್ವಲ್ಪ ಬಿಡಿಸಿ ಹೇಳಿ.

1945ರಲ್ಲಿ ವಿಶ್ವಸಂಸ್ಥೆಯಲ್ಲಿ ಇದ್ದದ್ದು 51 ದೇಶ. ಭದ್ರತಾ ಮಂಡಳಿಯಲ್ಲಿ 11 ಕುರ್ಚಿ. ಐದು ಕಾಯಂ, ಆರು ತಾತ್ಕಾಲಿಕ. ಆ ಆರನ್ನು ದೊಡ್ಡವರು 1946ರಲ್ಲಿ ಬಾಯಿಮಾತಿನಲ್ಲೇ ಹಂಚಿಕೊಂಡಿದ್ದರು. ಲ್ಯಾಟಿನ್ ಅಮೆರಿಕಕ್ಕೆ ಎರಡು. ಪಶ್ಚಿಮ ಯುರೋಪ್, ಪೂರ್ವ ಯುರೋಪ್, ಮಧ್ಯಪ್ರಾಚ್ಯ, ಬ್ರಿಟಿಷ್ ಕಾಮನ್‌ವೆಲ್ತ್, ಇವಕ್ಕೆ ಒಂದೊಂದು. 1950-51ರಲ್ಲಿ ಭಾರತ ಮೊದಲ ಸಲ ಮಂಡಳಿಯಲ್ಲಿ ಕೂತದ್ದು ಈ ಕಾಮನ್‌ವೆಲ್ತ್ ಕುರ್ಚಿಯಲ್ಲಿ. ನಮಗಿಂತ ಮುಂಚೆ ಅಲ್ಲಿ ಕೆನಡಾ ಇತ್ತು, ನಮ್ಮ ನಂತರ ಪಾಕಿಸ್ತಾನ. ಆಫ್ರಿಕಾ ಅನ್ನೋ ಹೆಸರು ಈ ಹಂಚಿಕೆಯಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ವಸಾಹತುಗಳು ಒಂದೊಂದಾಗಿ ಸ್ವತಂತ್ರವಾದವು. 1960ನೇ ಇಸವಿ ಒಂದರಲ್ಲೇ 17 ಹೊಸ ಸದಸ್ಯರು ಬಂದರು, ಅವರಲ್ಲಿ 16 ಮಂದಿ ಆಫ್ರಿಕಾದವರು. ಮನೆಗೆ ಇಷ್ಟು ಜನ ಬಂದ ಮೇಲೆ ಹಳೇ ಪಂಕ್ತಿ ಸಾಲುತ್ತದೆಯೇ? ಅವರು ಒಟ್ಟಾಗಿ ಒಂದೇ ಬೇಡಿಕೆ ಇಟ್ಟರು. ಕಾಯಂ ಸ್ಥಾನ ಕೇಳಲಿಲ್ಲ. ವೀಟೊ ತೆಗೆಯಿರಿ ಅನ್ನಲೂ ಇಲ್ಲ. ತಾತ್ಕಾಲಿಕ ಸ್ಥಾನ ಆರರಿಂದ ಹತ್ತಾಗಲಿ, ಅದರಲ್ಲಿ ಐದು ಏಷ್ಯಾ-ಆಫ್ರಿಕಾಕ್ಕೆ ಸಿಗಲಿ ಎಂದರು.

1963ರ ಡಿಸೆಂಬರ್ 17ರಂದು ಮತದಾನ ನಡೆಯಿತು. ಪರವಾಗಿ 97, ವಿರುದ್ಧ 11, ತಟಸ್ಥ 4. ಐವರು ದೊಡ್ಡವರು ಏನು ಮಾಡಿದರು ನೋಡಿ. ಸೋವಿಯತ್ ಒಕ್ಕೂಟ ವಿರುದ್ಧ. ಫ್ರಾನ್ಸ್ ವಿರುದ್ಧ. ಅಮೆರಿಕ, ಬ್ರಿಟನ್ ತಟಸ್ಥ. ಪರ ಹಾಕಿದ್ದು ಆಗಿನ್ನೂ ತೈವಾನ್ ಸರ್ಕಾರದ ಕೈಯಲ್ಲಿದ್ದ ಚೀನಾ ಒಂದೇ. ಅಂದರೆ ಐವರಲ್ಲಿ ನಾಲ್ವರಿಗೆ ಇದು ಬೇಕಾಗಿರಲಿಲ್ಲ. ಆದರೂ ಮುಂದಿನ ಎರಡು ವರ್ಷ ತುಂಬುವುದರೊಳಗೆ ಐವರೂ ಸಹಿ ಹಾಕಿದರು! ಅವರಲ್ಲಿ ಮೊದಲು ಸಹಿ ಹಾಕಿದ್ದೇ ವಿರುದ್ಧ ಮತ ಹಾಕಿದ್ದ ಮಾಸ್ಕೋ, 1965ರ ಫೆಬ್ರವರಿಯಲ್ಲಿ. ಕೊನೆಗೆ ಬಂದದ್ದು ಅಮೆರಿಕ, ಆಗಸ್ಟ್ 31ರಂದು. ಅವತ್ತೇ ತಿದ್ದುಪಡಿ ಜಾರಿಗೆ ಬಂತು, 11 ಇದ್ದದ್ದು 15 ಆಯಿತು.

ಯಾಕೆ ಮನಸ್ಸು ಬದಲಾಯಿಸಿದರು? ನನ್ನ ಓದು ಇಷ್ಟು. ಶೀತಲ ಸಮರದ ಕಾಲ, ಏಷ್ಯಾ-ಆಫ್ರಿಕಾದ ಹೊಸ ದೇಶಗಳನ್ನು ತಮ್ಮ ಕಡೆ ಎಳೆದುಕೊಳ್ಳೋಕೆ ಎರಡೂ ಬಣ ಪೈಪೋಟಿಗೆ ಬಿದ್ದಿದ್ದವು. 97 ದೇಶ ಒಂದು ಮಾತಿನ ಮೇಲೆ ನಿಂತ ಮೇಲೆ, 'ಇದನ್ನು ಕೆಡಿಸಿದವನು ಇವನೇ' ಅನ್ನಿಸಿಕೊಳ್ಳೋಕೆ ಯಾರಿಗೂ ಇಷ್ಟವಿರಲಿಲ್ಲ. ಎರಡನೇ ಬಾಗಿಲನ್ನು ಒಳಗಿನಿಂದ ತೆಗೆಸಿದ್ದು ಮೊದಲನೇ ಬಾಗಿಲಿನ ಹತ್ತಿರ ಸೇರಿದ್ದ ಜನ.

ಈಗ ನಿಮ್ಮ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳೋಣ. ಚೀನಾ ಅಡ್ಡಿಯೇ? ಹೌದು. ಐವರಲ್ಲಿ ಭಾರತದ ಹೆಸರು ಹಿಡಿದು ಕಾಯಂ ಸ್ಥಾನಕ್ಕೆ ಬೆಂಬಲ ಹೇಳದ ದೇಶ ಅದೊಂದೇ. ಆದರೆ ಚೀನಾದ ಅಡ್ಡಿ ಬರೋದು ಎರಡನೇ ಬಾಗಿಲಿನಲ್ಲಿ. ನಾವಿನ್ನೂ ಮೊದಲನೇ ಬಾಗಿಲನ್ನೇ ತಟ್ಟಿಲ್ಲ. ಕಾಯಂ ಸ್ಥಾನ ಹೆಚ್ಚಿಸುವ ಒಂದು ನಿರ್ಣಯವೂ ಇಲ್ಲಿಯವರೆಗೆ ಸಾಮಾನ್ಯ ಸಭೆಯಲ್ಲಿ ಮತಕ್ಕೆ ಹೋಗಿಲ್ಲ. ಬೀಜಿಂಗ್‌ಗೆ ಬೇಡ ಅನ್ನುವ ಸಂದರ್ಭವನ್ನೇ ಯಾರೂ ತಂದಿಲ್ಲ, ಅಲ್ವಾ?

ಮತಕ್ಕೆ ಯಾಕೆ ಹೋಗಿಲ್ಲ ಅನ್ನೋದೇ ನಿಜವಾದ ಕಥೆ.

ಇಟಲಿಯಿಂದ ಶುರು ಮಾಡೋಣ. ಜರ್ಮನಿಗೆ ಕಾಯಂ ಸ್ಥಾನ ಸಿಕ್ಕರೆ ಯುರೋಪಿನಲ್ಲಿ ತನ್ನ ಮಾನ ಏನಾಗಬೇಕು ಅನ್ನೋದು ಅದರ ಸಂಕಟ. ಬ್ರೆಜಿಲ್‌ಗೆ ಸಿಕ್ಕರೆ ಅರ್ಜೆಂಟೀನಾ, ಮೆಕ್ಸಿಕೊಗೆ ಹೊಟ್ಟೆಕಿಚ್ಚು. ಜಪಾನ್‌ಗೆ ಸಿಕ್ಕರೆ ದಕ್ಷಿಣ ಕೊರಿಯಾಕ್ಕೆ. ನಮಗೆ ಸಿಕ್ಕರೆ ಯಾರಿಗೆ ಅಂತ ಹೇಳಬೇಕಿಲ್ಲ. 1990ರ ದಶಕದಲ್ಲಿ ಇವರೆಲ್ಲ ಸೇರಿ ಕಟ್ಟಿಕೊಂಡ ಗುಂಪಿಗೆ ನ್ಯೂಯಾರ್ಕ್‌ನಲ್ಲಿ ಬಿದ್ದ ಹೆಸರು 'ಕಾಫಿ ಕ್ಲಬ್'. (ನಮ್ಮ ಹಳೇ ಮೈಸೂರು ಕಡೆ ಹಿಂದೆ ಹೋಟೆಲಿಗೇ ಕಾಫಿ ಕ್ಲಬ್ ಅನ್ನುತ್ತಿದ್ದರು. ಅಲ್ಲಿನ ಹರಟೆಗೂ ಇಲ್ಲಿನ ಹರಟೆಗೂ ಜಾಸ್ತಿ ವ್ಯತ್ಯಾಸ ಇಲ್ಲ ಬಿಡಿ.) 2005ರ ಹೊತ್ತಿಗೆ ಇದು 'ಒಮ್ಮತಕ್ಕಾಗಿ ಒಗ್ಗಟ್ಟು' ಅನ್ನೋ ಮರ್ಯಾದೆಯ ಹೆಸರು ಹಾಕಿಕೊಂಡಿತು. ಒಮ್ಮತ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದರೆ 193 ಜನರ ಸಭೆಯಲ್ಲಿ ಎಲ್ಲರೂ ಒಪ್ಪಲಿ ಅಂದರೆ ಎಲ್ಲರಿಗೂ ವೀಟೊ ಕೊಟ್ಟ ಹಾಗೆ.

ಇವರ ವಾದದಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳೋದಿಲ್ಲ. 'ಐದು ಜನ ಜಮೀನ್ದಾರರು ಸಾಲದು ಅಂತ ಇನ್ನಾರು ಜನರನ್ನು ಸಾಯೋವರೆಗೆ ಕೂರಿಸುತ್ತೀರಾ? ಚುನಾವಣೆ ಎದುರಿಸಿ ಬರಲಿ' ಅನ್ನೋದು ಅವರ ಮಾತಿನ ಸಾರ. ಚುನಾವಣೆ ಹೇಗಿರುತ್ತೆ ಅನ್ನೋದು ನಮಗೂ ಗೊತ್ತು. 1996ರಲ್ಲಿ ತಾತ್ಕಾಲಿಕ ಸ್ಥಾನಕ್ಕೆ ಭಾರತ, ಜಪಾನ್ ಎದುರುಬದುರಾದವು. ಜಪಾನ್‌ಗೆ 142, ನಮಗೆ 40. ಗುಪ್ತ ಮತದಾನ. ಮುಖದೆದುರು ಹೂಂ ಅಂದವರು ಚೀಟಿಯಲ್ಲಿ ಏನು ಬರೆದರೋ ದೇವರಿಗೇ ಗೊತ್ತು. ಅದೇ ನಾವು 2020ರಲ್ಲಿ ಏಷ್ಯಾದಿಂದ ಎದುರಾಳಿ ಇಲ್ಲದೆ ನಿಂತಾಗ 192ರಲ್ಲಿ 184 ಬಂತು. ಬೆಂಬಲ ಅನ್ನೋ ಮಾತಿನ ಬೆಲೆ ಎದುರಿಗೆ ಯಾರಿದ್ದಾರೆ ಅನ್ನೋದರ ಮೇಲೆ ನಿಂತಿದೆ.

ಕಾಫಿ ಕ್ಲಬ್ಬಿನವರು ಸಂಖ್ಯೆಯಲ್ಲಿ ಕಡಿಮೆ. ಅವರೊಬ್ಬರೇ ಆಗಿದ್ದರೆ 129 ದಾಟಬಹುದಿತ್ತು. ದಾಟಲಾಗದೇ ಇದ್ದದ್ದು ಆಫ್ರಿಕಾದಿಂದ.

2005 ನಮಗೆ ಅತಿ ಹತ್ತಿರ ಬಂದ ವರ್ಷ. ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ನಾಲ್ವರೂ ಸೇರಿ ಕರಡು ನಿರ್ಣಯ ತಂದರು. ಮಂಡಳಿ 25ಕ್ಕೆ ಏರಲಿ. ಹೊಸ ಕಾಯಂ ಆರು, ಅದರಲ್ಲಿ ಎರಡು ಆಫ್ರಿಕಾಕ್ಕೆ. ಹೊಸ ತಾತ್ಕಾಲಿಕ ನಾಲ್ಕು. ವೀಟೊ ಸದ್ಯಕ್ಕೆ ಬೇಡ, 15 ವರ್ಷದ ನಂತರ ನೋಡೋಣ. ಆಫ್ರಿಕಾದ ದೇಶಗಳು ಅದೇ ವರ್ಷ ಸ್ವಾಜಿಲ್ಯಾಂಡಿನ ಎಜುಲ್ವಿನಿಯಲ್ಲಿ ತಮ್ಮದೇ ಒಮ್ಮತಕ್ಕೆ ಬಂದಿದ್ದವು. ಮಂಡಳಿ 26 ಆಗಲಿ. ಎರಡು ಕಾಯಂ ಸ್ಥಾನ ನಮಗೆ, ವೀಟೊ ಸಮೇತ. ಎರಡೂ ಕರಡನ್ನು ಪಕ್ಕದಲ್ಲಿಟ್ಟು ನೋಡಿ. ಕುರ್ಚಿಯ ಲೆಕ್ಕದಲ್ಲಿ ಒಂದೇ ಒಂದು ವ್ಯತ್ಯಾಸ. ಜಗಳ ಇದ್ದದ್ದು ವೀಟೊ ಮೇಲೆ. ಒಂದು ಮಾಡೋಕೆ ಮಾತುಕತೆ ನಡೆಯಿತು. ಆಗಸ್ಟ್‌ನಲ್ಲಿ ಆಡಿಸ್ ಅಬಾಬಾದಲ್ಲಿ ಸೇರಿದ ಆಫ್ರಿಕಾದ ನಾಯಕರು ವೀಟೊ ಬಿಡೋದಿಲ್ಲ ಅಂದರು. ಅಲ್ಲಿಗೆ ಮುಗಿಯಿತು. 53 ವೋಟು ಕೈತಪ್ಪಿದ ಮೇಲೆ ಮೂರನೇ ಎರಡು ಭಾಗ ಎಲ್ಲಿಂದ ತರೋದು? ಆಗ ಸದಸ್ಯರು ಈಗಿಗಿಂತ ಕಡಿಮೆ, ಹಾಗಾಗಿ ಬೇಕಾಗಿದ್ದದ್ದು 129 ಅಲ್ಲ, 128, ಅಷ್ಟೇ. ಕರಡು ಮೇಜಿನ ಮೇಲೇ ಉಳಿಯಿತು.

ಆಫ್ರಿಕಾದವರನ್ನು ಬೈಯೋದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಮಂಡಳಿಯ ಕೆಲಸದಲ್ಲಿ ದೊಡ್ಡ ಪಾಲು ಅವರ ಖಂಡದ ಮೇಲೆಯೇ ಇರುತ್ತದೆ. ಒಂದು ಕಾಯಂ ಕುರ್ಚಿಯೂ ಅವರದ್ದಲ್ಲ. 'ವೀಟೊ ಕೆಟ್ಟದ್ದು, ತೆಗೆದರೆ ಒಳ್ಳೇದು. ತೆಗೆಯೋದಿಲ್ಲ ಅಂದರೆ ನಮಗೂ ಕೊಡಿ' ಅನ್ನುತ್ತಾರೆ. ಅರ್ಧ ಎಲೆ ಊಟ ಬೇಡ ಅನ್ನೋ ಸ್ವಾಭಿಮಾನ ಅದು. ಅದರ ಮೇಲೆ ಆ ಎರಡು ಕುರ್ಚಿ ಯಾರಿಗೆ ಅನ್ನೋದು ಅವರಲ್ಲೇ ಇತ್ಯರ್ಥವಾಗಿಲ್ಲ. ನೈಜೀರಿಯಾ, ದಕ್ಷಿಣ ಆಫ್ರಿಕಾ, ಈಜಿಪ್ಟ್ ಮೂವರೂ ಕಾದಿದ್ದಾರೆ.

ಆಮೇಲೆ ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಹೇಳೋಕೆ ಜಾಸ್ತಿ ಇಲ್ಲ. 2009ರಿಂದ 'ಸರ್ಕಾರಗಳ ನಡುವಿನ ಮಾತುಕತೆ' ನಡೆಯುತ್ತಿದೆ. ಅದಕ್ಕೂ ಮೊದಲು 1993ರಿಂದ ಒಂದು ಕಾರ್ಯತಂಡವಿತ್ತು. ಅದಕ್ಕೆ 'ಮುಗಿಯದ ತಂಡ' ಅಂತ ಅಡ್ಡಹೆಸರು. ಈ ಮಾತುಕತೆಯ ವಿಚಿತ್ರ ಏನೆಂದರೆ, ಎಲ್ಲರೂ ಒಂದೇ ಕರಡು ಹಿಡಿದು ಸಾಲು ಸಾಲಾಗಿ ಚೌಕಾಸಿ ಮಾಡೋದಿಲ್ಲ. ಪ್ರತಿ ವರ್ಷ ಬರುತ್ತಾರೆ, ತಮ್ಮ ನಿಲುವು ಓದುತ್ತಾರೆ, ಹೋಗುತ್ತಾರೆ. ಆಸ್ತಿ ಪಾಲಿನ ಪಂಚಾಯಿತಿಗೆ ಪಹಣಿಯನ್ನೇ ತರದೆ ಕೂತ ಹಾಗೆ. 2015ರಲ್ಲಿ ಜಮೈಕಾದ ರಾಯಭಾರಿ ಕರ್ಟ್ನಿ ರ್‍ಯಾಟ್ರೆ ನೂರಕ್ಕೂ ಹೆಚ್ಚು ದೇಶಗಳ ನಿಲುವನ್ನು ಬರೆಸಿಕೊಂಡು ಒಂದು ದಸ್ತಾವೇಜು ಮಾಡಿದರು. ಸಾಮಾನ್ಯ ಸಭೆ ಅದನ್ನು ಮುಂದಿನ ವರ್ಷಕ್ಕೆ ಒಯ್ಯಲು ಒಪ್ಪಿತು. ನಮ್ಮವರು ಸಂಭ್ರಮಪಟ್ಟರು. ಆಮೇಲೆ ಗಾಡಿ ಮತ್ತೆ ಕೆಸರಿನಲ್ಲಿ. 2024ರ ಸೆಪ್ಟೆಂಬರ್‌ನ 'ಭವಿಷ್ಯದ ಒಪ್ಪಂದ'ದಲ್ಲಿ ಆಫ್ರಿಕಾಕ್ಕೆ ಆದ ಅನ್ಯಾಯ ಸರಿಪಡಿಸೋಣ ಅಂತ ಬರೆದಿದ್ದಾರೆ. ಎಷ್ಟು ಕುರ್ಚಿ, ಯಾರಿಗೆ, ಯಾವಾಗ ಅಂತ ಬರೆದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಭಾರತ ಐವರ ಮನೆ ಬಾಗಿಲು ಕಾಯೋದಕ್ಕಿಂತ ಆಫ್ರಿಕಾದ ಜೊತೆ ಕೂತು ಒಂದೇ ಹಾಳೆಯ ಕರಡು ಮಾಡಿಕೊಳ್ಳಬೇಕು. ವೀಟೊ ಬಗ್ಗೆ ಅವರು ಏನು ಹೇಳುತ್ತಾರೋ ಅದನ್ನೇ ಬರೆದು ಮತಕ್ಕೆ ಹಾಕಿ, ಐವರು ಬೇಡ ಅನ್ನಲಿ ಅನ್ನೋದು ಒಂದು ದಾರಿ. ವೀಟೊ ಆಸೆಯನ್ನು ಎಲ್ಲರೂ ಒಟ್ಟಿಗೆ ಬಿಡೋದು ಇನ್ನೊಂದು ದಾರಿ. ನನಗೆ ಎರಡನೆಯದು ಮೇಲು ಅನ್ನಿಸುತ್ತೆ. 1963ರಲ್ಲಿ ಗೆದ್ದವರು ವೀಟೊ ಮುಟ್ಟದೇ ಗೆದ್ದರು. ದೆಹಲಿಯಲ್ಲಿ ಈ ಮಾತು ಎಲ್ಲರಿಗೂ ರುಚಿಸೋದಿಲ್ಲ ಅನ್ನೋದೂ ಗೊತ್ತು.

ಇನ್ನು ನೆಹರೂ ವಿಷಯ. ವಾಟ್ಸ್ಆ್ಯಪ್ ಕಥೆಯಲ್ಲಿ ಒಂದು ಎಳೆ ನಿಜ ಇದೆ. 1950ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನಲ್ಲಿ ರಾಯಭಾರಿಯಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಅಣ್ಣನಿಗೆ ಪತ್ರ ಬರೆದರು. ಚೀನಾವನ್ನು ತೆಗೆದು ಭಾರತವನ್ನು ಕೂರಿಸುವ ಮಾತು ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಕೆಲವರ ಬಾಯಲ್ಲಿದೆ ಅಂತ. ನೆಹರೂ ಬೇಡ ಅಂದರು. 1955ರಲ್ಲಿ ಸೋವಿಯತ್ ಪ್ರಧಾನಿ ಬುಲ್ಗಾನಿನ್ ಆರನೇ ಕಾಯಂ ಸದಸ್ಯ ಭಾರತ ಆಗಬಹುದಲ್ಲ ಅಂದಾಗಲೂ, ಮೊದಲು ಚೀನಾದ ಪ್ರಶ್ನೆ ಬಗೆಹರಿಯಲಿ ಅಂದರು. ಅದೇ ವರ್ಷ ಸೆಪ್ಟೆಂಬರ್ 27ರಂದು ಲೋಕಸಭೆಯಲ್ಲಿ, ಅಂಥ ಯಾವ ಪ್ರಸ್ತಾಪವೂ ಬಂದಿಲ್ಲ ಅಂತ ಉತ್ತರ ಕೊಟ್ಟರು.

ಈಗ ಮತ್ತೆ 108ನೇ ವಿಧಿ ತೆಗೆಯಿರಿ. ಐವರ ಹೆಸರು 1945ರಲ್ಲೇ ಬರೆದಾಗಿತ್ತು. ಆಗ ಭಾರತದ ಪರವಾಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಹಿ ಹಾಕಿದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಮರುವರ್ಷ ನಮ್ಮ ಮೈಸೂರಿನ ದಿವಾನರಾಗಿ ಬಂದವರು. ದೇಶವಿನ್ನೂ ಬ್ರಿಟಿಷರ ಕೈಯಲ್ಲಿತ್ತು. 1950ರಲ್ಲಿ ಚೀನಾದ ಹೆಸರು ಅಳಿಸಿ ಭಾರತ ಅಂತ ಬರೆಯಬೇಕಾದರೆ ಮಾಸ್ಕೋ ಸಹಿ ಬೇಕು. ಬೀಜಿಂಗ್‌ಗೆ ಜಾಗ ಕೊಡಿ ಅಂತ ಸಭೆಯನ್ನೇ ಬಿಟ್ಟು ಹೋಗಿದ್ದ ಮಾಸ್ಕೋ! ಇನ್ನೂ ತಮಾಷೆ ಅಂದರೆ, ಆ ಕುರ್ಚಿಯಲ್ಲಿ ಕೂತಿದ್ದ ತೈವಾನ್ ಸರ್ಕಾರವೂ ಸಹಿ ಹಾಕಬೇಕು. ತನ್ನ ಕುರ್ಚಿ ಕಿತ್ತುಕೊಳ್ಳೋ ಕಾಗದಕ್ಕೆ ತಾನೇ ಹೆಬ್ಬೆಟ್ಟು ಒತ್ತಬೇಕು. ಹೀಗಾಗಿ 'ಕೈಗೆ ಬಂದ ಸೀಟು' ಅನ್ನೋದು ಸುಮ್ನೆ ಮಾತು. ಕೊಡೋ ಶಕ್ತಿ 'ಬೇಕಾ' ಅಂತ ಕೇಳಿದವರ ಕೈಯಲ್ಲಿ ಇರಲೇ ಇಲ್ಲ. ನೆಹರೂ ತಕ್ಷಣ ಬಾಗಿಲು ಮುಚ್ಚದೇ ಮಾತು ಬೆಳೆಸಬೇಕಿತ್ತು, ಮುಂದೆ ಬೇರೆ ಏನಾದರೂ ಸಿಗುತ್ತಿತ್ತು ಅಂತ ವಾದಿಸಿದರೆ ಅದು ಬೇರೆ. ಅದರಲ್ಲಿ ಸ್ವಲ್ಪ ತೂಕ ಇದೆ ಅಂತ ನನಗೂ ಅನ್ನಿಸುತ್ತೆ.

ಮಗಳ ಪರೀಕ್ಷೆಗೆ ಎರಡು ಮಾತು ಸೇರಿಸುತ್ತೇನೆ. ಬೇರೆ ಸಂಸ್ಥೆಗಳಲ್ಲೂ ರೋಗ ಇದೇ. ಐಎಂಎಫ್‌ನಲ್ಲಿ (ಅಂತರರಾಷ್ಟ್ರೀಯ ಹಣಕಾಸು ನಿಧಿ) ದೊಡ್ಡ ತೀರ್ಮಾನಕ್ಕೆ ಶೇ 85 ಮತ ಬೇಕು, ಅಮೆರಿಕ ಒಂದರ ಬಳಿಯೇ ಶೇ 16ಕ್ಕಿಂತ ಜಾಸ್ತಿ ಇದೆ. 2010ರಲ್ಲಿ ಒಪ್ಪಿದ ಪಾಲು ಬದಲಾವಣೆ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಅಮೆರಿಕದ ಕಾಂಗ್ರೆಸ್ ಅಷ್ಟು ವರ್ಷ ಕಡತದ ಮೇಲೆ ಕೂತಿತ್ತು. ಎರಡನೇ ಮಾತು, ಸನ್ನದು ತಿದ್ದದೆಯೂ ಕೆಲವು ಬದಲಾವಣೆ ನುಸುಳಿವೆ. 27ನೇ ವಿಧಿಯನ್ನು ಅಕ್ಷರಶಃ ಓದಿದರೆ ಕಾಯಂ ಸದಸ್ಯ ತಟಸ್ಥವಾಗಿ ಉಳಿದರೂ ನಿರ್ಣಯ ಬೀಳಬೇಕು. ರೂಢಿಯಲ್ಲಿ ಬೀಳೋದಿಲ್ಲ. 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ನಮೀಬಿಯಾ ವಿಷಯದಲ್ಲಿ ಈ ರೂಢಿಯನ್ನು ಒಪ್ಪಿತು. 2022ರ ಏಪ್ರಿಲ್‌ನಲ್ಲಿ ಪುಟಾಣಿ ಲೀಕ್ಟೆನ್‌ಸ್ಟೈನ್ ಮುಂದೆ ನಿಂತು ಇನ್ನೊಂದು ನಿಯಮ ತಂದಿತು. ಯಾರೇ ವೀಟೊ ಹಾಕಿದರೂ ಹತ್ತು ಕೆಲಸದ ದಿನಗಳೊಳಗೆ ಸಾಮಾನ್ಯ ಸಭೆ ಸೇರಿ ಆ ಬಗ್ಗೆ ಚರ್ಚೆ ಮಾಡುತ್ತೆ. ವೀಟೊ ನಿಲ್ಲಲಿಲ್ಲ. ಎಲ್ಲರೆದುರು ಯಾಕೆ ಹಾಕಿದೆ ಅಂತ ಹೇಳೋ ಮುಜುಗರ ಮಾತ್ರ ಬಂತು.

ಕೊನೆಯ ಪ್ರಶ್ನೆ, ಬಿಟ್ಟು ಬರಬಾರದೇ? ಬಿಟ್ಟು ಹೋದವರು ಇದ್ದಾರೆ. ಮಲೇಷ್ಯಾಕ್ಕೆ ಭದ್ರತಾ ಮಂಡಳಿಯಲ್ಲಿ ಜಾಗ ಸಿಕ್ಕಿತು ಅಂತ ಸಿಟ್ಟಾಗಿ ಇಂಡೊನೇಷ್ಯಾ 1965ರ ಜನವರಿಯಲ್ಲಿ ಹೊರಟುಹೋಯಿತು, ಮರುವರ್ಷ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂತು. ಆದರೆ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ಇನ್ನೊಂದು ದಿನದ ಕಥೆ. 1950ರ ಜೂನ್ 25, ಭಾನುವಾರ. ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿದೆ. ಮಂಡಳಿ ತುರ್ತಾಗಿ ಸೇರಿದೆ. ಆ ತಿಂಗಳ ಅಧ್ಯಕ್ಷತೆ ಭಾರತದ್ದು. ಕುರ್ಚಿಯಲ್ಲಿ ನಮ್ಮ ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್, ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದವರು. ಮೇಜಿನ ಸುತ್ತ ಒಂದು ಕುರ್ಚಿ ಖಾಲಿ. ಅದು ಸೋವಿಯತ್ ಒಕ್ಕೂಟದ್ದು. ಚೀನಾದ ಸೀಟಿನ ಜಗಳದಲ್ಲಿ ಅವರ ಪ್ರತಿನಿಧಿ ಯಾಕೋಬ್ ಮಲಿಕ್ ಜನವರಿಯಿಂದ ಬರುತ್ತಲೇ ಇರಲಿಲ್ಲ. ನಿರ್ಣಯ 9 ಮತಗಳಿಂದ ಪಾಸಾಯಿತು, ಯುಗೊಸ್ಲಾವಿಯಾ ತಟಸ್ಥ. ವೀಟೊ ಹಾಕೋಕೆ ಆಳೇ ಇರಲಿಲ್ಲ. ಜುಲೈ ಮೊದಲ ವಾರದ ಹೊತ್ತಿಗೆ ಅಮೆರಿಕದ ನಾಯಕತ್ವದ ಸೇನೆ ವಿಶ್ವಸಂಸ್ಥೆಯ ಬಾವುಟ ಹಿಡಿಯೋಕೂ ಒಪ್ಪಿಗೆ ಸಿಕ್ಕಿತು.

ಆಗಸ್ಟ್ 1ರಂದು ಮಲಿಕ್ ವಾಪಸ್ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಅಧ್ಯಕ್ಷತೆಯ ಸರದಿ ಆ ತಿಂಗಳು ಅವರದ್ದಾಗಿತ್ತು.